ಕಾರು, ಬೈಕು, ಜೀಪು: ಜೈಸಲ್ಮೇರ್ ಆಚೆಯ ಹಳ್ಳಿಗಳಿಗೆ ಯಾವುದು ಸರಿ?

ಮೂರು ಸಲ ಜೈಸಲ್ಮೇರ್‌ಗೆ ಹೋಗಿದ್ದೇನೆ. ಕೋಟೆ ಮೊದಲ ಸಲವೇ ಅರ್ಧ ದಿನದಲ್ಲಿ ಮುಗಿಯಿತು. ಆಮೇಲೆ ಎಳೆದದ್ದೆಲ್ಲ ಊರಾಚೆಯ ಮರುಭೂಮಿ ಹಳ್ಳಿಗಳು: ಕುಲ್ಧರಾ, ಖಾಬಾ, ಖೂರಿ, ಲೋದ್ರವಾ, ಮತ್ತೆ ವಾಯವ್ಯಕ್ಕೆ ರಾಮ್‌ಗಢ ದಾಟಿದರೆ ತನೋಟ್. ಒಂದು ಸಲ ಬಾಡಿಗೆಯ ಸಣ್ಣ ಕಾರು, ಇನ್ನೊಂದು ಸಲ ಬುಲೆಟ್, ಕೊನೆಯ ಸಲ ಅಪ್ಪ ಅಮ್ಮನ ಜೊತೆ ಅಲ್ಲಿನ ಡ್ರೈವರ್‌ನ ಜೀಪು. ಹೆಚ್ಚುಕಮ್ಮಿ ಅದೇ ಹಳ್ಳಿಗಳು. ಆದರೆ ಪ್ರತಿ ಸಲ ಕಂಡದ್ದು ಮಾತ್ರ ಬೇರೆ.

ಖರ್ಚು ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಕೇಳೋದು ಅದನ್ನೇ. ಜೋಧ್‌ಪುರದಿಂದ ತಗೊಂಡ ಕಾರಿಗೆ ದಿನಕ್ಕೆ 2,200 ರೂಪಾಯಿ, ಪೆಟ್ರೋಲ್ ನಮ್ಮದು. ಬುಲೆಟ್‌ಗೆ ಜೈಸಲ್ಮೇರ್‌ನಲ್ಲೇ 1,000. ಜೀಪಿಗೆ ಡೀಸೆಲ್, ಡ್ರೈವರ್ ಎಲ್ಲ ಸೇರಿ ದಿನಕ್ಕೆ 4,000. ಇದು ನಾನು ಕೊಟ್ಟ ಲೆಕ್ಕ. ಸೀಸನ್ ನೋಡಿ ಮೇಲೆ ಕೆಳಗೆ ಆಗುತ್ತೆ. ಮೂವರು ಇದ್ದರೆ ಕಾರಿಗೂ ಜೀಪಿಗೂ ಅಂಥ ವ್ಯತ್ಯಾಸ ಏನೂ ಉಳಿಯಲ್ಲ.

ಕಾರಿನ ಕತೆ ಮೊದಲು. ಡಿಸೆಂಬರ್, ನಾನು ಮತ್ತು ಒಬ್ಬ ಗೆಳೆಯ. ಜೋಧ್‌ಪುರದಿಂದ ಜೈಸಲ್ಮೇರ್ 280 ಕಿಲೋಮೀಟರ್ ಆಸುಪಾಸು, ರಸ್ತೆ ಚೆನ್ನಾಗಿದೆ. ಕುಲ್ಧರಾ ಊರಿಂದ 18 ಕಿಲೋಮೀಟರ್ ಅಷ್ಟೇ. ಗೇಟಿನ ತನಕ ಟಾರು ರಸ್ತೆ, ಟಿಕೆಟ್ ತಗೊಂಡರೆ ಕಾರನ್ನೇ ಒಳಗೆ ಬಿಡುತ್ತಾರೆ. ಹಾಗಾಗಿ "ಕುಲ್ಧರಾಕ್ಕೆ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಗಾಡಿ) ಬೇಕೇ ಬೇಕು" ಅಂತ ಯಾರಾದರೂ ಹೇಳಿದರೆ ಅವರು ಬಾಡಿಗೆಗೆ ಕೊಡೋರೇ ಇರಬೇಕು.

ಈ ಊರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ರಾಜಸ್ಥಾನದ್ದೇ ಪಾಲಿ ಅನ್ನೋ ಊರಿಂದ ಬಂದ ಪಾಲಿವಾಲ್ ಬ್ರಾಹ್ಮಣರ ಊರಿದು. ಉದ್ದಕ್ಕೆ ಮೂರು ಬೀದಿ, ಅಡ್ಡಕ್ಕೆ ಸಣ್ಣ ಓಣಿಗಳು, ನಡುವೆ ಒಂದು ಗುಡಿ, ಪಕ್ಕದಲ್ಲಿ ಒಣಗಿದ ಕಾಕ್ನಿ ನದಿಯ ಪಾತ್ರ. 410 ಕಟ್ಟಡಗಳ ಪಾಳು ಇದೆ. ಜೈಸಲ್ಮೇರ್‌ನ ದಿವಾನ ಸಾಲಿಮ್ ಸಿಂಗ್ ಊರ ಹುಡುಗಿಯ ಮೇಲೆ ಕಣ್ಣು ಹಾಕಿದ, 84 ಹಳ್ಳಿಯವರು ಒಂದೇ ರಾತ್ರಿ ಶಾಪ ಹಾಕಿ ಹೊರಟುಹೋದರು ಅನ್ನೋ ಕತೆಯನ್ನ ಗೇಟಿನವರೂ ಹೇಳುತ್ತಾರೆ, ಚಹಾದವರೂ ಹೇಳುತ್ತಾರೆ. ಆದರೆ 1890ರಲ್ಲೂ ಇಲ್ಲಿ 37 ಜನ ಇದ್ದ ದಾಖಲೆ ಇದೆ. ಒಂದೇ ರಾತ್ರಿ ಹೋದವರು ಹೀಗೆ ಉಳಿದಿರುತ್ತಾರಾ? ನೀರು ಬತ್ತಿದ್ದು, ಕಂದಾಯದ ಹೊರೆ ಅನ್ನೋ ಕಾರಣಗಳೂ ಇವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭೂಕಂಪವನ್ನ ಹೆಸರಿಸುತ್ತದೆ. ಸತ್ತವರ ನೆನಪಿಗೆ ನೆಟ್ಟ ದೇವಳಿ ಕಲ್ಲುಗಳೂ ಇಲ್ಲಿ ಸಿಕ್ಕಿವೆ. ಅವುಗಳಲ್ಲಿ ಎರಡರ ಕಾಲ ಕ್ರಿ.ಶ. 1235 ಮತ್ತು 1238. ಕಲ್ಲಿನ ಮೇಲೆ ಬರೆದಿರೋದು ಭಾಟಿಕ ಸಂವತ್ ಲೆಕ್ಕದಲ್ಲಿ, 623ರಿಂದ ಶುರುವಾಗೋ ಎಣಿಕೆ. ಶಾಪದ ಕತೆ ಕೇಳುತ್ತಾ ಕೂತರೆ ಇದ್ಯಾವುದೂ ಕಣ್ಣಿಗೆ ಬೀಳಲ್ಲ.

ಇಲ್ಲಿ ಕಾರು ಗೆದ್ದದ್ದು ಒಂದೇ ಕಾರಣಕ್ಕೆ: ಯಾರೂ ಹೊರಡಿಸಲಿಲ್ಲ. ನಾವು ಮಧ್ಯಾಹ್ನ ಎರಡಕ್ಕೆ ಹೋಗಿ ಗೇಟು ಹಾಕೋ ಹೊತ್ತಿನ ತನಕ ಸುಮ್ನೆ ಓಣಿಗಳಲ್ಲಿ ಸುತ್ತಿದೆವು. ಸರಿಪಡಿಸಿರೋ ಒಂದೆರಡು ಮನೆಗಳ ಹತ್ತಿರ ಮಾತ್ರ ಗಲಾಟೆ. ಇನ್ನೂರು ಹೆಜ್ಜೆ ಆಚೆ ಹೋದರೆ ಗಾಳಿ ಬಿಟ್ಟು ಬೇರೆ ಸದ್ದಿಲ್ಲ. ಸುತ್ತಲೂ ಗಾಳಿಯಂತ್ರಗಳ ಸಾಲು ಅಂತೂ ಇದ್ದೇ ಇದೆ. ಫೋಟೋ ತೆಗೆಯೋರಿಗೆ ಬೇಜಾರಾಗಬಹುದು.

ಸೋತದ್ದು ಮರುದಿನ. ಖಾಬಾದಿಂದ ಖೂರಿಗೆ ಫೋನಿನ ನಕ್ಷೆ ಒಂದು ಹತ್ತಿರದ ದಾರಿ ತೋರಿಸಿತು. ಟಾರು ಮುಗಿದು ಗರಸು ಬಂತು, ಗರಸು ಮುಗಿದು ಮರಳು ಬಂತು. ಆಗಲೇ ತಿರುಗಿಸಬೇಕಿತ್ತು. ಗೆಳೆಯ "ಇನ್ನೊಂದು ಸ್ವಲ್ಪ ನೋಡೋಣ ಕಣೋ" ಅಂದ. ಆ ಇನ್ನೊಂದು ಸ್ವಲ್ಪದಲ್ಲೇ ಮುಂದಿನ ಚಕ್ರಗಳು ಹೂತವು. ನಾನು ಆಕ್ಸಿಲರೇಟರ್ ತುಳಿದೆ. ಅದಕ್ಕಿಂತ ದೊಡ್ಡ ತಪ್ಪು ಇಲ್ಲ. ಚಕ್ರ ಸುತ್ತಿದಷ್ಟೂ ಕಾರು ತಳ ಊರುತ್ತೆ. ಮಾಡಬೇಕಾದ್ದು ಇಷ್ಟು: ಟೈರಿನ ಗಾಳಿಯನ್ನ 18–20 ಪಿಎಸ್‌ಐಗೆ ಇಳಿಸೋದು, ಚಕ್ರದ ಮುಂದಿನ ಮರಳು ತೋಡಿ ಒಣ ಪೊದೆ ಹಾಸೋದು, ಎರಡನೇ ಗೇರಿನಲ್ಲಿ ಮೆಲ್ಲಗೆ ಎಳೆಯೋದು. ಇದು ನನಗೆ ಗೊತ್ತಾದದ್ದು ಮುಕ್ಕಾಲು ಗಂಟೆ ಆದ ಮೇಲೆ, ಹತ್ತಿರದ ಧಾಣಿಯಿಂದ ಟ್ರ್ಯಾಕ್ಟರ್ ತಂದ ಹುಡುಗ ಹೇಳಿಕೊಟ್ಟಾಗ. ಧಾಣಿ ಅಂದರೆ ನಾಲ್ಕೈದು ಮನೆಗಳ ಗುಂಪು. ಅವನು ದುಡ್ಡು ತಗೊಳ್ಳಲಿಲ್ಲ. ಚಹಾ ಬೇರೆ ಕೊಡಿಸಿದ. ಕಾರು ಕೊಟ್ಟ ಕಂಪನಿ ಮಾತ್ರ ಬಂಪರಿನ ಕ್ಲಿಪ್ ಮುರಿದದ್ದಕ್ಕೆ ಡೆಪಾಸಿಟ್ಟಿನಲ್ಲಿ ಅರ್ಧ ಹಿಡಿದುಕೊಂಡಿತು. ಕರಾರಿನಲ್ಲಿ "ಮರಳಿಗೆ ಇಳಿಸುವಂತಿಲ್ಲ" ಅಂತ ಸಣ್ಣಕ್ಷರದಲ್ಲಿ ಇತ್ತು. ಓದಿರಲಿಲ್ಲ.

ಬುಲೆಟ್ ತಗೊಂಡದ್ದು ಇದರ ಸಿಟ್ಟಿಗೇ ಅನ್ನಬಹುದು. ಫೆಬ್ರವರಿ, ಒಬ್ಬನೇ. ಬೆಳಗ್ಗೆ ಆರಕ್ಕೆ ಹೊರಟರೆ ಕೈಬೆರಳು ಮರಗಟ್ಟುತ್ತೆ, ಹನ್ನೊಂದಕ್ಕೆ ಜಾಕೆಟ್ ಬಿಚ್ಚಿ ಎಲ್ಲಿ ಕಟ್ಟೋದು ಅಂತ ಹುಡುಕಬೇಕು. ಆದರೆ ಖಾಬಾಕ್ಕೆ ಬೈಕಿನಷ್ಟು ಒಳ್ಳೇದು ಯಾವುದೂ ಇಲ್ಲ. ಇದೂ ಪಾಲಿವಾಲರದ್ದೇ ಊರು. ಸಣ್ಣದೊಂದು ಕೋಟೆಯ ಕೆಳಗೆ ಮನೆಗಳ ಗೋಡೆಗಳು ಚಾಪೆ ಹರಡಿದ ಹಾಗೆ ಬಿದ್ದಿವೆ. ಬೆಳಗ್ಗೆ ಬೇಗ ಹೋದರೆ ನವಿಲುಗಳು ಕಾಳು ತಿನ್ನೋಕೆ ಬರುತ್ತವೆ. ನಾನು ಹೋದಾಗ ಕಾವಲಿನವನು ಮತ್ತು ನಾನು ಇಬ್ಬರೇ. ಎಂಜಿನ್ ದೂರದಲ್ಲೇ ಆರಿಸಿ ತಳ್ಳಿಕೊಂಡು ಹೋದೆ. ಜೀಪಿನಲ್ಲಿ ಹೋದಾಗ ನಾವು ತಲುಪಿದ್ದು ಹತ್ತೂವರೆಗೆ. ಒಂದು ನವಿಲೂ ಇರಲಿಲ್ಲ.

ಬೈಕಿನಲ್ಲಿ ಜನ ಬೇರೆ ಥರ ಮಾತಾಡಿಸುತ್ತಾರೆ, ಅದೂ ನಿಜ. ಕಾರು ನಿಂತರೆ ಮಕ್ಕಳು ಪೆನ್ನು ಕೇಳಿದರು. ಬೈಕು ನಿಂತರೆ ದೊಡ್ಡವರು ಬಂದು "ಎಲ್ಲಿಂದ, ಒಬ್ಬನೇ ಯಾಕೆ, ಮದುವೆ ಆಗಿಲ್ವಾ" ಅಂದರು. ಮೂರನೇ ಪ್ರಶ್ನೆಗೆ ಉತ್ತರ ಕೊಡೋ ಹೊತ್ತಿಗೆ ಚಹಾ ಬಂದಿರುತ್ತೆ.

ಕಷ್ಟಗಳೂ ಕಮ್ಮಿ ಇಲ್ಲ. ರಸ್ತೆ ಮೇಲೆ ಗಾಳಿ ಹಾಸಿದ ತೆಳು ಮರಳು ಕಾರಿಗೆ ಗೊತ್ತೇ ಆಗಲ್ಲ, ಬೈಕಿನ ಮುಂದಿನ ಚಕ್ರಕ್ಕೆ ಗೊತ್ತಾಗುತ್ತೆ. ತಿರುವಿನಲ್ಲಿ ಎರಡು ಸಲ ಜಾರಿದೆ, ಒಂದು ಸಲ ಬಿದ್ದೆ. ನಮ್ಮ ಬಳ್ಳಾರಿ ಜಾಲಿ ಅಲ್ಲೂ ಬೇಕಾದಷ್ಟಿದೆ. ಅದರ ಮುಳ್ಳು ಟ್ಯೂಬ್ ಟೈರಿಗೆ ಸಿಕ್ಕರೆ ಆ ದಿನದ ಕತೆ ಮುಗೀತು. ನೀರು ನಾಲ್ಕು ಲೀಟರಿಗಿಂತ ಜಾಸ್ತಿ ಹೊರೋಕೆ ಆಗಲಿಲ್ಲ, ಮಧ್ಯಾಹ್ನಕ್ಕೆ ಖಾಲಿ. ಒಬ್ಬರೇ ಹೋಗೋರಿಗೆ ನಾನು ಬೈಕನ್ನ ಖಾಬಾ, ಕುಲ್ಧರಾ, ಲೋದ್ರವಾ ತನಕ ಮಾತ್ರ ಹೇಳುತ್ತೇನೆ. ಖೂರಿಯ ಆಚೆಗೆ ಬೇಡ.

ಲೋದ್ರವಾಕ್ಕೆ ಯಾವುದರಲ್ಲಿ ಹೋದರೂ ಸರಿ. 1156ರಲ್ಲಿ ರಾವಲ್ ಜೈಸಲ್ ಜೈಸಲ್ಮೇರ್ ಅನ್ನೋ ಹೊಸ ಊರು ಕಟ್ಟೋ ಮುಂಚೆ ಅವನ ರಾಜವಂಶದವರಾದ ಭಾಟಿಗಳ ರಾಜಧಾನಿ ಇದೇ. ಈಗ ಉಳಿದದ್ದರಲ್ಲಿ ನೋಡುವಂಥದ್ದು ಪಾರ್ಶ್ವನಾಥನ ಬಸದಿ. ಮೂಮಲ್ ಮತ್ತು ಮಹೇಂದ್ರರ ಪ್ರೇಮಕತೆಯ ಮಾಳಿಗೆ ಅಂತ ಒಂದು ಕಲ್ಲುಗುಡ್ಡೆ ತೋರಿಸುತ್ತಾರೆ. ಕತೆ ಗೊತ್ತಿಲ್ಲದೆ ಹೋದರೆ ಬರೀ ಕಲ್ಲು.

ಜೀಪಿನ ಬಗ್ಗೆ ನನಗೆ ಮೊದಲಿಂದ ತಾತ್ಸಾರ ಇತ್ತು. ಡ್ರೈವರ್ ಕೂರಿಸಿಕೊಂಡು ಹೋಗೋದೂ ಒಂದು ಪ್ರವಾಸವಾ ಅಂತ. ಅಪ್ಪನಿಗೆ ಮಂಡಿ ನೋವು, ಅಮ್ಮನಿಗೆ ಬೈಕು ಸಾಧ್ಯವೇ ಇಲ್ಲ, ನನಗೆ ಡೆಪಾಸಿಟ್ಟಿನ ನೆನಪು. ಹಾಗಾಗಿ ನವೆಂಬರ್‌ನಲ್ಲಿ ಖೂರಿ ಕಡೆಯವನೇ ಒಬ್ಬನ ಗಾಡಿ ಗೊತ್ತು ಮಾಡಿದೆ. ಬಂದದ್ದು ಹಳೇ ಬೊಲೆರೋ ಕ್ಯಾಂಪರ್. ಫೋರ್ ಬೈ ಫೋರ್ ಕೂಡ ಅಲ್ಲ! ಹಿಂದಿನ ಎರಡು ಚಕ್ರದ ಬಲದಲ್ಲೇ ಅವನು ಹಿಂದೆ ನನ್ನ ಕಾರು ಹೂತ ಜಾಗದ ಪಕ್ಕದಲ್ಲೇ ಆರಾಮಾಗಿ ದಾಟಿದ. ಹೇಗೆ ಅಂತ ಕೇಳಿದೆ. "ಹುಕುಂ, ದಿನಾ ಟ್ರ್ಯಾಕ್ಟರ್ ಹೋಗೋ ಜಾಡು ಗಟ್ಟಿ ಇರುತ್ತೆ. ಬರೀ ಆಡಿನ ಹೆಜ್ಜೆ ಇದ್ದರೆ ಆ ಕಡೆ ಹೋಗಬಾರದು" ಅಂದ. ಹುಕುಂ ಅಂದರೆ ಅಲ್ಲಿ ಮರ್ಯಾದೆಗೆ ಕರೆಯೋದು, ನಮ್ಮ "ಸ್ವಾಮಿ" ಇದ್ದ ಹಾಗೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಿಳಿ ಗೆರೆ.

ಆದರೆ ಜೀಪಿಗೆ ಅಂಕ ಕೊಟ್ಟದ್ದು ದಾರಿಗಲ್ಲ, ಒಂದು ಹೊಲಕ್ಕೆ. ಖಾಬಾದಿಂದ ಮುಂದೆ ಹೋಗುವಾಗ ಅಮ್ಮ ಕಿಟಕಿಯಿಂದ ಹಸಿರು ಕಂಡು "ಇಲ್ಲೇನು ಬೆಳೆದಿದಾರೆ, ಕೇಳೋ" ಅಂದರು. ಡ್ರೈವರ್ ಗಾಡಿ ತಿರುಗಿಸಿಯೇ ಬಿಟ್ಟ. ಅದು ಖಡೀನ್. ಕಲ್ಲುನೆಲದ ಇಳಿಜಾರಿನಿಂದ ಹರಿದು ಬರೋ ಮಳೆನೀರನ್ನ ತಗ್ಗಿನಲ್ಲಿ ಉದ್ದದ ಮಣ್ಣಿನ ಏರಿ ಹಾಕಿ ನಿಲ್ಲಿಸುತ್ತಾರೆ. ಜಾಸ್ತಿಯಾದ ನೀರು ಹೊರಹೋಗೋಕೆ ಒಂದು ಕೋಡಿ. ನಿಂತ ನೀರು ಇಂಗಿದ ಮೇಲೆ ಆ ಹಸಿಮಣ್ಣಿಗೇ ಗೋಧಿ, ಕಡಲೆ ಬಿತ್ತುತ್ತಾರೆ, ಮತ್ತೆ ನೀರು ಹಾಯಿಸೋದಿಲ್ಲ. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬೀಳೋ ನಾಡಲ್ಲಿ ಇದನ್ನ 15ನೇ ಶತಮಾನದಲ್ಲಿ ರೂಢಿಗೆ ತಂದವರು ಇದೇ ಪಾಲಿವಾಲರು. ಅವರು ಹೋದರು, ಏರಿ ಉಳಿಯಿತು, ಈಗಲೂ ಬೆಳೆ ಬರುತ್ತಿದೆ. ಅಮ್ಮ ಚಪ್ಪಲಿ ಬಿಟ್ಟು ಇಳಿದು ಒಂದು ಹಿಡಿ ಮಣ್ಣು ಹಿಚುಕಿ ನೋಡಿದರು. ಕಾರಿನಲ್ಲಿ, ಬೈಕಿನಲ್ಲಿ ಎರಡು ಸಲ ನಾನು ಅದೇ ರಸ್ತೆಯಲ್ಲಿ ಹೋಗಿದ್ದೆ. ಪಾಳು ಗೋಡೆ ನೋಡೋ ಆತುರದಲ್ಲಿ ಅವರು ಬದುಕಿದ್ದು ಹೇಗೆ ಅನ್ನೋದರ ಪಕ್ಕದಲ್ಲೇ ದಾಟಿಹೋಗಿದ್ದೆ.

ಖೂರಿಯಲ್ಲೂ ಹಾಗೇ ಆಯಿತು. ಮಣ್ಣು ಸಗಣಿ ಸಾರಿಸಿ ಬಿಳಿ ಚಿತ್ತಾರ ಬರೆದ ಮನೆಗಳ ಊರು. ಕಾರಿನಲ್ಲಿ ಹೋದಾಗ ಮನೆಗಳನ್ನ ಹೊರಗಿಂದ ನೋಡಿದೆ. ಈ ಸಲ ಡ್ರೈವರ್‌ನ ಅಕ್ಕನ ಮನೆಯಂಗಳದಲ್ಲಿ ಕೂತು ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ ತಿಂದೆವು. ಕೇರ್ ಅಂದರೆ ಮರುಭೂಮಿಯ ಒಂದು ಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದರೆ ಖೇಜಡಿ ಮರದ ಕಾಯಿ. ಖೇಜಡಿ ಅಂದರೆ ಬೇರೆ ಏನಲ್ಲ, ನಮ್ಮ ಬನ್ನಿ ಮರ. ಇದು ಗೊತ್ತಾದಾಗ ಅಪ್ಪ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಮರ ನೋಡೋಕೆ ಹೋದರು.

ಜೀಪಿನ ಕಿರಿಕಿರಿಯೂ ಹೇಳಬೇಕು. ಕುಲ್ಧರಾದಲ್ಲಿ ಅರ್ಧ ಗಂಟೆಗೇ "ಹೋಗೋಣ ಹುಕುಂ" ಶುರುವಾಯಿತು. ಸಮ್ ಮರಳದಿಬ್ಬದ ಟೆಂಟಿಗೆ ಕರೆದುಕೊಂಡು ಹೋಗೋ ಉತ್ಸಾಹ ಬೇರೆ. ಅಲ್ಲಿ ಸಿಗೋ ಕಮಿಷನ್ನಿನ ಲೆಕ್ಕ ಇರಬೇಕು. ಮೊದಲ ದಿನವೇ "ಸಮ್ ಬೇಡ, ರಾತ್ರಿ ಖೂರಿಯಲ್ಲೇ" ಅಂತ ಖಡಕ್ಕಾಗಿ ಹೇಳಿಬಿಡಿ. ಕಾರಿನ ಸಲ ಸಮ್‌ನಲ್ಲಿ ಒಂದು ರಾತ್ರಿ ಮಲಗಿದ್ದೆ. ಮಲಗಿದ್ದೆ ಅನ್ನೋದು ತಪ್ಪು, ಡಿಜೆ ಮುಗಿಯೋ ತನಕ ಎದ್ದು ಕೂತಿದ್ದೆ.

ತನೋಟ್ ಕಡೆ ಲೆಕ್ಕವೇ ಬೇರೆ. ಜೈಸಲ್ಮೇರ್‌ನಿಂದ 120 ಕಿಲೋಮೀಟರ್, ರಸ್ತೆ ಎಷ್ಟು ಚೆನ್ನಾಗಿದೆ ಅಂದರೆ ಜೀಪಿಗೆ ಕೊಡೋ ದುಡ್ಡು ದಂಡ. ಕಾರೇ ಸಾಕು. ರಾಮ್‌ಗಢದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದೆ ಬಂಕ್ ನಂಬಿಕೊಂಡು ಹೋಗಬೇಡಿ. ಫೋನ್ ಸಿಗ್ನಲ್ ಬಂದರೆ ಬಂತು. ತನೋಟ್ ಮಾತಾ ಗುಡಿಯಲ್ಲಿ 1965ರ ಯುದ್ಧದಲ್ಲಿ ಬಿದ್ದು ಸಿಡಿಯದೇ ಉಳಿದ ಶೆಲ್‌ಗಳನ್ನ ಇಟ್ಟಿದ್ದಾರೆ. ಪೂಜೆ ಮಾಡೋರು ಬಿಎಸ್‌ಎಫ್ ಜವಾನರೇ. ಗುಡಿ ತನಕ ನಮಗೆ ಪರವಾನಗಿ ಬೇಕಿಲ್ಲ. ಅಲ್ಲಿಂದ ಮುಂದೆ ಗಡಿ ಕಂಬದ ತನಕ ಹೋಗಬೇಕಂದರೆ ಬಿಎಸ್‌ಎಫ್ ಅನುಮತಿ ಬೇಕು, ಗುರುತಿನ ಚೀಟಿ ಇಟ್ಟುಕೊಂಡಿರಿ. ವಾಪಸ್ ಬರುವಾಗ 1971ರ ಡಿಸೆಂಬರ್‌ನಲ್ಲಿ ಕಾಳಗ ನಡೆದ ಲೋಂಗೆವಾಲಾ ಮೇಲೆ ಬನ್ನಿ. ದಿಬ್ಬಗಳ ನಡುವೆ ಏರಿಳಿಯೋ ಆ ರಸ್ತೆಯೇ ಒಂದು ಮಜಾ. ಗಾಳಿ ಇದ್ದ ದಿನ ಮರಳು ರಸ್ತೆಗೆ ಬಂದಿರುತ್ತೆ, ಕತ್ತಲಾಗೋ ಮುಂಚೆ ದಾಟಿಬಿಡಿ.

ಈಗ ಯಾರಾದರೂ ಕೇಳಿದರೆ ನಾನು ಹೇಳೋದು: ನಾಲ್ಕು ದಿನ ಇದ್ದರೆ ಎರಡು ದಿನ ಕಾರು, ಎರಡು ದಿನ ಖೂರಿ ಕಡೆಯವನ ಜೀಪು. ಕಾರಿನಲ್ಲಿ ಕುಲ್ಧರಾ, ಲೋದ್ರವಾ, ತನೋಟ್. ಜೀಪಿನಲ್ಲಿ ಖಾಬಾದ ಆಚೆ, ಖೂರಿ, ಧಾಣಿಗಳು. ಡ್ರೈವರ್‌ನ ಆರಿಸುವಾಗ ಗಾಡಿ ಯಾವುದು ಅಂತ ಕೇಳಬೇಡಿ, ಯಾವ ಊರಿನವನು ಅಂತ ಕೇಳಿ. ನವಿಲು ನೋಡೋಕೆ ಒಂದು ಬೆಳಗ್ಗೆ ಮಾತ್ರ ಬೈಕು ತಗೊಂಡರೆ ತಪ್ಪಿಲ್ಲ.

ಅಮ್ಮ ಆಗಲೇ ಮುಂದಿನ ಸಲದ ಪ್ಲಾನ್ ಹಾಕಿದ್ದಾರೆ. ಕಡಲೆ ಕೀಳೋ ಹೊತ್ತಿಗೆ ಹೋಗಬೇಕಂತೆ. ಕೋಟೆ ಬೇಡವಂತೆ.