ಹಳೆ ಹಾಯಿದೋಣಿಗೆ ಯಾವ ಒಲೆ: ಗ್ಯಾಸಾ, ಸ್ಪಿರಿಟ್ಟಾ, ಸೀಮೆಎಣ್ಣೆಯಾ?

ಒಲೆಯ ಬೆಲೆ ಮಾತ್ರ ನೋಡಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಕೂರುತ್ತದೆ, ಆಮೇಲೆ ಒಂದು ಕಿಡಿ ಸಾಕು. ಹಾಗಾಗಿ ಸಿಲಿಂಡರ್ ಇಡಲು, ದೋಣಿಯ ಒಳಗಡೆಗೆ ಪೂರ್ತಿ ಮುಚ್ಚಿದ, ದೋಣಿಯ ಹೊರಕ್ಕೆ ಮಾತ್ರ ತೂತಿರುವ ಪೆಟ್ಟಿಗೆ, ಹೊಸ ಪೈಪು, ಸೋರಿಕೆ ಅಲಾರಂ ಬೇಕು. ಹಳೆ ದೋಣಿಯಲ್ಲಿ ಇದಕ್ಕೇ ಒಲೆಗಿಂತ ಜಾಸ್ತಿ ಖರ್ಚಾಗಬಹುದು. ಆದರೆ ತಿಂಗಳುಗಟ್ಟಲೆ ದೋಣಿಯಲ್ಲೇ ಇದ್ದು ದಿನಾ ಅಡುಗೆ ಮಾಡುವವರಿಗೆ ಗ್ಯಾಸೇ ಸಲೀಸು.

ಪಂಪಿಲ್ಲದ ಸ್ಪಿರಿಟ್ ಒಲೆಗೆ ಈ ತಾಪತ್ರಯ ಇಲ್ಲ. ಕಾವು ಮಾತ್ರ ಕಡಿಮೆ. ವಾರಾಂತ್ಯದ ಚಹಾ, ನೂಡಲ್ಸ್‌ಗೆ ಸಾಕಲ್ವಾ? ಉರಿಯುವಾಗ ಸ್ಪಿರಿಟ್ ತುಂಬಬೇಡಿ. ಬಿಸಿಲಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ.

ಸೀಮೆಎಣ್ಣೆಯ ಪಂಪ್ ಒಲೆಗೆ ಕಾವು ಜೋರು. ಬರ್ನರನ್ನು ಮೊದಲು ಸ್ಪಿರಿಟ್ ಉರಿಸಿ ಕಾಯಿಸಬೇಕು. ಮಸಿ, ವಾಸನೆ ಬೇರೆ. ಬರ್ನರಿನ ತೂತಿಗೆ ಪಿನ್ನು ಹಾಕಿ ಕೆದಕುವ ತಾಳ್ಮೆ ಇದ್ದು, ಸಿಲಿಂಡರ್ ತುಂಬಿಸಲಾಗದ ದೂರದ ಬಂದರುಗಳಿಗೆ ಹೋಗುವವರು ಇದನ್ನು ನೋಡಬಹುದು.