ಮಕ್ಕಳ ಕುಡಿತ ತಡೆಯಲು ಪೋಷಕರ ಕಾರ್ಯಾಗಾರ: ಕೋಲಾರದಿಂದ ಒಂದು ವಿಮರ್ಶೆ

ಕೋಲಾರದ ಖಾಸಗಿ ಆಪ್ತಸಮಾಲೋಚನಾ ಕೇಂದ್ರವೊಂದು ಪ್ರೌಢಶಾಲಾ ಮಕ್ಕಳ ತಂದೆತಾಯಿಗಳಿಗಾಗಿ ನಡೆಸುವ ಅರ್ಧ ದಿನದ ಕಾರ್ಯಾಗಾರದಲ್ಲಿ ಭಾಗವಹಿಸಿದ್ದೆ. ಕೊರತೆಗಳಿದ್ದರೂ ಇದಕ್ಕೆ ಹೋಗಿ ಬನ್ನಿ ಎಂದೇ ಎಲ್ಲ ಪೋಷಕರಿಗೂ ಹೇಳುತ್ತೇನೆ.

ಮಕ್ಕಳನ್ನು ಹೆದರಿಸುವ ಉಪಾಯಗಳನ್ನು ಕಲಿಸದೆ, ಮಾತನ್ನು ನೇರವಾಗಿ ದೊಡ್ಡವರ ನಡವಳಿಕೆಗೆ ತಂದದ್ದು ಇದರ ಹೆಚ್ಚುಗಾರಿಕೆ. ಹೊಸತೊಡಕಿನ ಬಾಡೂಟದಲ್ಲಿ 'ಒಂದು ಗುಟುಕಿಗೆ ಏನೂ ಆಗಲ್ಲ, ಕುಡಿಯೋ' ಎಂದು ಸೋದರಮಾವನೇ ಬಿಯರ್ ಲೋಟ ಕೈಗಿಡುವುದು, ಬಾಟಲಿ ತರಲು ಮಗನನ್ನೇ ಅಂಗಡಿಗೆ ಕಳಿಸುವುದು, 90 ಮಿ.ಲೀ. ಟೆಟ್ರಾ ಪ್ಯಾಕ್‌ಗಳನ್ನು ಕೈಗೆಟುಕುವಲ್ಲಿ ಇಟ್ಟು ಮರೆಯುವುದು, ಇವೆಲ್ಲ ನಮ್ಮ ಮನೆಗಳಲ್ಲೇ ನಡೆಯುತ್ತವೆ. ರಾಜ್ಯದ ಅಬಕಾರಿ ನಿಯಮಗಳ ಪ್ರಕಾರ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನ ಮಗುವಿಗೆ ವೈದ್ಯರ ಸೂಚನೆಯಿಲ್ಲದೆ ಮದ್ಯ ಕೊಟ್ಟವರಿಗೆ 7 ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಈ ಮಾತು ಬಂದಾಗ ಸಭೆ ಗಂಭೀರವಾಯಿತು, ಆಗಲೇಬೇಕಿತ್ತು.

ಮಗ ಕುಡಿದು ಮನೆಗೆ ಬಂದ ರಾತ್ರಿ ಏನು ಮಾಡಬೇಕು ಎಂಬುದನ್ನು ಜೋಡಿಯಾಗಿ ಕೂರಿಸಿ ಅಭ್ಯಾಸ ಮಾಡಿಸಿದ್ದು ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿತು. ಆ ಹೊತ್ತಿನಲ್ಲಿ ಹೊಡೆತ, ಬೈಗುಳ ಬೇಡ. ಪಕ್ಕಕ್ಕೆ ಮಲಗಿಸಿ ಹತ್ತಿರವೇ ಇರಬೇಕು, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಕರೆಮಾಡಬೇಕು, ಮಾತುಕತೆಯನ್ನು ಮರುದಿನ ಅಮಲು ಇಳಿದ ಮೇಲೆ ಇಟ್ಟುಕೊಳ್ಳಬೇಕು. ಯಾರ ಜೊತೆ, ಎಲ್ಲಿ, ಯಾರು ಕೊಟ್ಟರು ಎಂದು ಕೇಳಿದ ಮೇಲೆ ಮಗ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಎಷ್ಟು ಕಷ್ಟದ್ದೆಂದು ಅಭ್ಯಾಸದಲ್ಲೇ ಗೊತ್ತಾಯಿತು. ತೆಲುಗು ಮನೆಮಾತಿನ ತಾಯಂದಿರಿಗೆ ತರಬೇತುದಾರರು ತೆಲುಗಿನಲ್ಲೇ ವಿವರಿಸಿದ್ದನ್ನೂ ಮೆಚ್ಚಬೇಕು.

ಆದರೆ ವಾರದ ನಡುವೆ ಬೆಳಗಿನ ಹೊತ್ತು ಇಟ್ಟದ್ದರಿಂದ ಟೊಮೆಟೊ ಮಂಡಿಗೆ, ಕೆಲಸಕ್ಕೆ ಹೋಗುವ ತಂದೆಯಂದಿರು ಬರಲಾಗಲಿಲ್ಲ; ಮನೆಯಲ್ಲಿ ಬಾಟಲಿ ತೆರೆಯುವವರಿಗೇ ಈ ಮಾತು ತಲುಪದಿದ್ದರೆ ಶ್ರಮದ ಅರ್ಧ ಪಾಲು ವ್ಯರ್ಥ. ಹೆಣ್ಣುಮಕ್ಕಳ ವಿಷಯವನ್ನು ಮುಟ್ಟಲೇ ಇಲ್ಲ. ಕೊಟ್ಟ ಕರಪತ್ರದಲ್ಲಿ ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446 ಆಗಲಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಆಗಲಿ ಇರಲಿಲ್ಲ. ಮುಂದಿನ ಕಾರ್ಯಾಗಾರವನ್ನು ಭಾನುವಾರ ಇಟ್ಟು, ತಂದೆಯಂದಿರಿಗೆ ಪ್ರತ್ಯೇಕವಾಗಿ ಆಹ್ವಾನ ಕಳಿಸಬೇಕೆಂದು ಕೇಂದ್ರದವರಿಗೆ ಲಿಖಿತವಾಗಿ ಕೋರಿದ್ದೇನೆ.