ಲಾಟರಿಯಲ್ಲಿ ಸಿಕ್ಕ ಸೀಟು: ಹಾರ್ಟ್‌ಫರ್ಡ್ ಪ್ರದೇಶದ ಮ್ಯಾಗ್ನೆಟ್ ಶಾಲೆಗಳ ಬಗ್ಗೆ ಒಬ್ಬ ತಾಯಿಯ ವಿಮರ್ಶೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ, ಹಾರ್ಟ್‌ಫರ್ಡ್ ನಗರದ ಆಚೆಯ ಒಂದು ಊರಿನಲ್ಲಿ ನೆಲೆಸಿರುವ ನಾವು, ನಾಲ್ಕು ವರ್ಷಗಳಿಂದ ಮಗಳನ್ನು ಮನೆ ಪಕ್ಕದ ಶಾಲೆಗೆ ಕಳಿಸದೆ, ಹಲವು ಊರುಗಳ ಮಕ್ಕಳು ಒಟ್ಟಿಗೆ ಓದುವ ಸರ್ಕಾರಿ ಮ್ಯಾಗ್ನೆಟ್ ಶಾಲೆಗೆ ಕಳಿಸುತ್ತಿದ್ದೇವೆ. ಈ ಭಾಗಕ್ಕೆ ಹೊಸದಾಗಿ ಬರುವ ಕನ್ನಡಿಗರು ಮನೆ ಹುಡುಕುವಾಗಲೇ ಶಾಲೆಯ ವಿಚಾರ ಕೇಳುತ್ತಾರೆ, ಮತ್ತು ನಮ್ಮವರು ಕೊಡುವ ಉತ್ತರ ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಎಂಬ ರೇಟಿಂಗ್ ಮಾತ್ರ. ಆ ಅಂಕಿಯಲ್ಲಿ ಮಕ್ಕಳ ಪರೀಕ್ಷಾ ಫಲಿತಾಂಶದ ಜೊತೆಗೆ ಅವರ ತಂದೆತಾಯಿಯರ ಆದಾಯವೂ ಬೆರೆತಿರುತ್ತದೆ. ನಮ್ಮ ಮಗು ಯಾರ ಪಕ್ಕದಲ್ಲಿ ಕುಳಿತು ಕಲಿಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ವ್ಯವಸ್ಥೆ ಯಾಕೆ ಹುಟ್ಟಿತು ಎಂಬುದನ್ನು ತಿಳಿಯದೆ ಇದರ ಬೆಲೆ ಕಟ್ಟಲಾಗದು. ಕನೆಕ್ಟಿಕಟ್ಟಿನಲ್ಲಿ 169 ಊರುಗಳಿದ್ದು, ಬಹುಪಾಲು ಊರಿನ ಗಡಿಯೇ ಶಾಲೆಯ ಗಡಿಯೂ ಆಗಿರುವುದರಿಂದ, ಮನೆ ಎಲ್ಲಿ ಕೊಳ್ಳಲು ಸಾಧ್ಯವೋ ಅಲ್ಲೇ ಮಗುವಿನ ಓದು ನಿರ್ಧಾರವಾಗಿಬಿಡುತ್ತದೆ. 1989ರಲ್ಲಿ ಹಾರ್ಟ್‌ಫರ್ಡಿನ ಶಾಲೆಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಮಕ್ಕಳು ಕಪ್ಪುವರ್ಣೀಯರು ಇಲ್ಲವೇ ಲ್ಯಾಟಿನೊ ಮೂಲದವರಾಗಿದ್ದರೆ, ಸುತ್ತಲಿನ ಹೆಚ್ಚಿನ ಊರುಗಳಲ್ಲಿ ಬಹುತೇಕ ಬಿಳಿಯ ಮಕ್ಕಳೇ ಇದ್ದರು. ಆ ವರ್ಷ ನಾಲ್ಕನೆಯ ತರಗತಿಯ ಬಾಲಕ ಮೈಲೊ ಶೆಫ್ ಮತ್ತಿತರ ಮಕ್ಕಳ ಹೆಸರಿನಲ್ಲಿ ದಾಖಲಾದ ಮೊಕದ್ದಮೆಗೆ, 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3 ಬಹುಮತದ ತೀರ್ಪು ಕೊಟ್ಟಿತು. ಯಾರೂ ಬೇಕೆಂದು ಮಾಡಿದ್ದಲ್ಲವಾದರೂ ಇಂಥ ಬೇರ್ಪಡೆಯನ್ನು ಸರಿಪಡಿಸುವ ಹೊಣೆ ಸರ್ಕಾರದ್ದೇ ಎಂಬುದು ಅದರ ಸಾರ. ಆದರೆ ಯಾವ ಮಗುವನ್ನೂ ಒತ್ತಾಯದಿಂದ ಬೇರೆ ಊರಿಗೆ ಕಳಿಸದೆ, ತಂದೆತಾಯಿಯರು ತಾವಾಗಿಯೇ ಬಯಸಿ ಬರುವಂಥ ಶಾಲೆಗಳನ್ನು ಕಟ್ಟುವ ದಾರಿಯನ್ನು ರಾಜ್ಯ ಹಿಡಿಯಿತು. ವಿಜ್ಞಾನ, ಕಲೆ, ಮಾಂಟೆಸೊರಿ ಹೀಗೆ ಒಂದೊಂದು ಶಾಲೆಗೆ ಒಂದೊಂದು ವಿಶೇಷತೆ ಇರುವುದು ಆ ಕಾರಣಕ್ಕೆ.

ಅರ್ಜಿ ಹಾಕುವುದು ಸುಲಭ. ಆನ್‌ಲೈನಿನಲ್ಲಿ ಇಷ್ಟದ ಶಾಲೆಗಳನ್ನು ಕ್ರಮವಾಗಿ ನಮೂದಿಸಬೇಕು. ಮೊದಲು ಹಾಕಿದವರಿಗೆ ಮೊದಲು ಎಂಬ ಪದ್ಧತಿಯಿಲ್ಲ, ಪ್ರವೇಶ ಪರೀಕ್ಷೆಯ ಕಾಟವಿಲ್ಲ, ಕಂಪ್ಯೂಟರ್ ಲಾಟರಿಯೇ ನಿರ್ಧರಿಸುತ್ತದೆ. ನಮಗೆ ಮೂರನೆಯ ಆಯ್ಕೆ ಸಿಕ್ಕಿತು.

ಒಳಗಿನ ಅನುಭವಕ್ಕೆ ಬಂದರೆ, ಮಗಳ ತರಗತಿಯಲ್ಲಿ ಪೋರ್ಟೊ ರಿಕೊ ಮೂಲದ, ಜಮೈಕಾ ಮೂಲದ, ಬಿಳಿಯ, ಭಾರತೀಯ ಮಕ್ಕಳು ಒಂದೇ ಮೇಜಿನ ಸುತ್ತ ಕುಳಿತು ಓದುತ್ತಾರೆ. ಮೊದಲ ತಿಂಗಳು ಅವಳು ಡಬ್ಬಿಯ ಚಿತ್ರಾನ್ನವನ್ನು ಹಾಗೇ ವಾಪಸು ತರುತ್ತಿದ್ದಳು. ಆಮೇಲೆ ಒಂದು ದಿನ, "ಅಮ್ಮಾ, ನಾಳೆ ಸ್ವಲ್ಪ ಜಾಸ್ತಿ ಹಾಕು, ಕಡಲೆಕಾಯಿ ಬೀಜ ಮಾತ್ರ ಬೇಡ" ಎಂದಳು. ಪಕ್ಕದ ಹುಡುಗಿಗೆ ಕಡಲೆಕಾಯಿ ಆಗುವುದಿಲ್ಲವಂತೆ, ಅವಳಿಗೂ ರುಚಿ ನೋಡಬೇಕಂತೆ. ಆ ಹುಡುಗಿಯ ಅಜ್ಜಿ ಹುಟ್ಟುಹಬ್ಬಕ್ಕೆ ನಮ್ಮ ಮನೆಗೆ ಬಂದು, ಅಡುಗೆಮನೆಯಲ್ಲಿ ನಿಂತು, ಒಗ್ಗರಣೆಗೆ ಹಾಕಿದ್ದ ಕರಿಬೇವಿನ ಎಸಳೊಂದನ್ನು ಎತ್ತಿ ಮೂಸಿ ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಬೀದಿಯಲ್ಲೇ ಉಳಿದಿದ್ದರೆ ಆ ಅಜ್ಜಿಯ ಪರಿಚಯ ನಮಗೆ ಆಗುತ್ತಲೇ ಇರಲಿಲ್ಲ.

ಕುಂದುಗಳು ಇಲ್ಲದಿಲ್ಲ. ಬಸ್ಸು ಉಚಿತ, ಆದರೆ ಬೆಳಗ್ಗೆ 6.40ಕ್ಕೇ ನಿಲ್ದಾಣದಲ್ಲಿರಬೇಕು; ಜನವರಿಯ ಕತ್ತಲಿನಲ್ಲಿ, ಮಂಜಿನ ರಾಶಿಯ ಮೇಲೆ, ಏಳು ವರ್ಷದ ಮಗುವನ್ನು ನಲವತ್ತು ನಿಮಿಷ ನಿಲ್ಲಿಸಿಕೊಂಡು ಕಾದ ದಿನ, ಬಸ್ ನಡೆಸುವ ಕಂಪನಿಯವರು ಫೋನನ್ನೇ ಎತ್ತಲಿಲ್ಲ. ಗೆಳತಿಯರ ಮನೆಗಳು ಹತ್ತು ಹನ್ನೆರಡು ಮೈಲಿ ದೂರದಲ್ಲಿರುವುದರಿಂದ ಸಂಜೆಯ ಆಟಕ್ಕೂ ಕಾರು ತೆಗೆಯಬೇಕು, ಮತ್ತು ಕಾರಿಲ್ಲದ ಮನೆಯ ಮಗುವಿಗೆ ಆ ಆಟವೂ ಇಲ್ಲ. ನನಗೆ ಹೆಚ್ಚು ನೋವು ಕೊಟ್ಟ ಸಂಗತಿ ಬೇರೆ. ಮೂರನೆಯ ತರಗತಿಯಲ್ಲಿ ಗಣಿತಕ್ಕೆ ಮಕ್ಕಳನ್ನು ಗುಂಪು ಮಾಡಿದಾಗ ಮುಂದುವರಿದವರ ಗುಂಪಿನಲ್ಲಿ ಹೆಚ್ಚಾಗಿ ಭಾರತೀಯ ಮತ್ತು ಬಿಳಿಯ ಮಕ್ಕಳೇ ಇದ್ದರು. ಒಂದೇ ಸೂರಿನಡಿ ಸೇರಿಸಿದ ಮೇಲೆ ಕೋಣೆಯೊಳಗೆ ಮತ್ತೆ ಬೇರೆ ಮಾಡುವುದು ಯಾವ ನ್ಯಾಯ ಎಂದು ಕೇಳಲು ನಾವು ಮೂವರು ತಾಯಂದಿರು ಶಿಕ್ಷಕಿಯ ಬಳಿ ಹೋದೆವು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಆರು ವಾರಕ್ಕೊಮ್ಮೆ ಗುಂಪುಗಳನ್ನು ಬದಲಿಸಲು ಒಪ್ಪಿದರು.

ಇನ್ನೊಂದು ವಿಷಯವನ್ನು ನಮ್ಮವರು ತಿಳಿದಿರಲೇಬೇಕು. ಕಪ್ಪುವರ್ಣೀಯ ಮತ್ತು ಲ್ಯಾಟಿನೊ ಮಕ್ಕಳ ಪ್ರಮಾಣ ಶೇ. 75 ಮೀರಬಾರದು ಎಂಬ ನಿಯಮ ಜಾರಿಯಲ್ಲಿದ್ದ ಕಾಲದಲ್ಲಿ, ಹೊರಗಿನ ಊರುಗಳಿಂದ ಸಾಕಷ್ಟು ಮಕ್ಕಳು ಬಾರದ ಕಡೆ ಸೀಟುಗಳು ಖಾಲಿ ಉಳಿದವು, ಹಾರ್ಟ್‌ಫರ್ಡಿನ ಮಕ್ಕಳು ಮಾತ್ರ ಕಾಯುವ ಪಟ್ಟಿಯಲ್ಲೇ ಇದ್ದರು. ಯಾರಿಗಾಗಿ ಈ ಶಾಲೆಗಳನ್ನು ಕಟ್ಟಲಾಯಿತೋ ಅವರಿಗೇ ಬಾಗಿಲು ಮುಚ್ಚಿದ ಈ ಅನ್ಯಾಯವನ್ನು 2018ರಲ್ಲಿ ಅಲ್ಲಿನ ಪೋಷಕರು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಿದರು. 2020ರ ಒಪ್ಪಂದದ ನಂತರ ಲಾಟರಿ ಮಗುವಿನ ವರ್ಣದ ಬದಲು ಆರ್ಥಿಕ-ಸಾಮಾಜಿಕ ಸ್ಥಿತಿಯನ್ನು ಪರಿಗಣಿಸುತ್ತದೆ. 2022ರ ಒಪ್ಪಂದದಲ್ಲಿ ಹಾರ್ಟ್‌ಫರ್ಡಿನ ಮಕ್ಕಳ ಬೇಡಿಕೆಯನ್ನು ಪೂರ್ತಿ ಈಡೇರಿಸಲು ರಾಜ್ಯ ಒಪ್ಪಿಕೊಂಡಿದೆ. ಆದರೂ ಮಿಶ್ರ ತರಗತಿ ಉಳಿಯಬೇಕಾದರೆ, ಬೇರೆ ಶಾಲೆಯ ಅನುಕೂಲವಿರುವ ನಮ್ಮಂಥವರೂ ಅರ್ಜಿ ಹಾಕಬೇಕು. ನಾವೆಲ್ಲ ರೇಟಿಂಗ್ ನೋಡಿಕೊಂಡು ಒಂದೆರಡು ಊರುಗಳಲ್ಲೇ ಗುಂಪುಗೂಡಿದರೆ ಈ ಶಾಲೆಗಳು ಬಡವಾಗುತ್ತವೆ.

ಓದಿನಲ್ಲಿ ಮಗಳು ಹಿಂದೆ ಬಿದ್ದಿಲ್ಲ. ನೆರೆಮನೆಯ ಅದೇ ವಯಸ್ಸಿನ ಹುಡುಗನ ಪುಸ್ತಕಗಳೊಂದಿಗೆ ಹೋಲಿಸಿ ನೋಡಿದ್ದೇನೆ. ಈ ವರ್ಷ ಮಗನಿಗೂ ಅರ್ಜಿ ಹಾಕಿದ್ದೇವೆ, ಅಕ್ಕನ ಶಾಲೆಯನ್ನೇ ಮೊದಲನೆಯ ಆಯ್ಕೆಯಾಗಿ ಬರೆದಿದ್ದೇವೆ. ಬಸ್ ನಿಲ್ದಾಣದಲ್ಲಿ ಕಾಯಲು ಅವನಿಗೆ ದಪ್ಪನೆಯ ಬೂಟು ಈಗಲೇ ತಂದಿಟ್ಟಿದ್ದೇನೆ.